ಆಟಿಸಂ ಇರುವ ಮಗುವಿನೊಡನೆ ಪ್ರವಾಸ: ಇಳಿದುಕೊಳ್ಳುವ ಕೊಠಡಿಯ ಆಯ್ಕೆ



ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ, ಶಾಲೆಗೆ ರಜೆ ಬಂದಾಗ, ಮಕ್ಕಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕೆಂಬ ಆಸೆ ಎಲ್ಲ ತಂದೆತಾಯಿಗಳಲ್ಲಿಯೂ ಸಹಜವಾಗಿ ಉಂಟಾಗುತ್ತದೆ. ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಕುಟುಂಬಗಳು ಎರಡು ವರ್ಷಗಳಿಗೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಹಿಂದಿನಿಂದಲೂ ಹೋಗುತ್ತಿವೆ. ಈಗ ಬೆಂಗಳೂರಿನ ಸಮೀಪದ ಬಿಡದಿಯಲ್ಲಿ 2005ರಲ್ಲಿ ಆರಂಭವಾದ ವಂಡರ್‌ಲಾ, ಮೈಸೂರಿನ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಮೊದಲಾದ ಮನರಂಜನಾ ಉದ್ಯಾನಗಳ ಹೆಸರುಗಳೂ ಹಳ್ಳಿಯ ಮಕ್ಕಳ ಬಾಯಲ್ಲಿ ಕೇಳಿಬರುತ್ತಿವೆ.

ಆದರೆ ಮಕ್ಕಳಲ್ಲಿ ಒಬ್ಬನಿಗೆ ಅಥವಾ ಒಬ್ಬಳಿಗೆ ಆಟಿಸಂ ಇದ್ದರೆ ಈ ಆಸೆ ಅಲ್ಲಿಗೇ ನಿಂತುಬಿಡುತ್ತದೆ. ಆ ಮಗುವನ್ನು ಅಜ್ಜಿಯ ಬಳಿ ಬಿಟ್ಟು ಉಳಿದವರು ಹೋಗುವುದು, ಇಲ್ಲವೇ ತಾಯಿಯೊಬ್ಬಳೇ ಮಗುವಿನೊಡನೆ ಮನೆಯಲ್ಲಿ ಉಳಿಯುವುದು, ಅಥವಾ ಯಾರೂ ಎಲ್ಲಿಗೂ ಹೋಗದಿರುವುದು ವಾಡಿಕೆಯಾಗಿಬಿಡುತ್ತದೆ. ಒಮ್ಮೆ ಧೈರ್ಯಮಾಡಿ ಹೋದವರೂ ಮಗು ರಾತ್ರಿಯಿಡೀ ಅತ್ತಿತೆಂದು ಮರುದಿನವೇ ಮರಳಿ ಬರುವುದುಂಟು. ಇಂತಹ ಪ್ರವಾಸಗಳು ಕೆಡುವುದು ಹೆಚ್ಚಾಗಿ ಉದ್ಯಾನದಲ್ಲಿ ಅಲ್ಲ, ಇಳಿದುಕೊಂಡ ಕೊಠಡಿಯಲ್ಲಿ. ಕೊಠಡಿಯನ್ನು ಮಗುವಿನ ಸ್ವಭಾವಕ್ಕೆ ತಕ್ಕಂತೆ ಆರಿಸಿಕೊಂಡರೆ ಪ್ರವಾಸದ ಅರ್ಧ ಭಾರ ಇಳಿದಂತೆಯೇ ಸರಿ. ಈ ಆಯ್ಕೆಯನ್ನು ಹೇಗೆ ಮಾಡಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಆಟಿಸಂ ಎಂದರೇನು?

ಆಟಿಸಂ ಅಥವಾ ಸ್ವಲೀನತೆ ಎಂಬುದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಒಂದು ಸ್ಥಿತಿ. ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಅವರು 1943ರಲ್ಲಿ ಹನ್ನೊಂದು ಮಕ್ಕಳನ್ನು ಪರೀಕ್ಷಿಸಿ ಇದನ್ನು ವಿವರಿಸಿದರು. ಇಂತಹ ಮಗು ಕರೆದರೆ ತಿರುಗಿ ನೋಡದಿರಬಹುದು. ಮಾತು ತಡವಾಗಬಹುದು ಅಥವಾ ಬಾರದೇ ಇರಬಹುದು. ಒಂದೇ ಆಟವನ್ನು, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಬಹುದು. ದಿನನಿತ್ಯದ ಕ್ರಮ ಸ್ವಲ್ಪ ಬದಲಾದರೂ ಅದಕ್ಕೆ ತೀವ್ರ ಕಳವಳವಾಗುತ್ತದೆ. ಎಲ್ಲ ಮಕ್ಕಳಲ್ಲಿಯೂ ಲಕ್ಷಣಗಳು ಒಂದೇ ತೆರನಾಗಿರುವುದಿಲ್ಲ. ಕೆಲವರು ಚೆನ್ನಾಗಿ ಮಾತನಾಡುತ್ತಾರೆ, ಓದುತ್ತಾರೆ. ಕೆಲವರಿಗೆ ಜೀವನಪೂರ್ತಿ ಆಸರೆ ಬೇಕಾಗುತ್ತದೆ.

ಇದು ದೇವರ ಶಾಪವಲ್ಲ, ತಾಯಿಯ ತಪ್ಪಲ್ಲ, ಸಾಕಣೆಯ ದೋಷವೂ ಅಲ್ಲ. ಲಸಿಕೆಯಿಂದಲೂ ಇದು ಬರುವುದಿಲ್ಲ. ಹಾಗೆಂದು ಸೂಚಿಸಿ 1998ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಲೇಖನವು ಸುಳ್ಳೆಂದು ಕಂಡುಬಂದು 2010ರಲ್ಲಿ ಹಿಂತೆಗೆದುಕೊಳ್ಳಲ್ಪಟ್ಟಿತು. ಆದುದರಿಂದ ಮಕ್ಕಳಿಗೆ ಲಸಿಕೆ ಹಾಕಿಸುವುದನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು.

ನಮ್ಮ ಈ ಲೇಖನಕ್ಕೆ ಸಂಬಂಧಿಸಿದ ಮುಖ್ಯ ವಿಷಯ ಇನ್ನೊಂದಿದೆ. ಆಟಿಸಂ ಇರುವ ಅನೇಕ ಮಕ್ಕಳಿಗೆ ಶಬ್ದ, ಬೆಳಕು, ವಾಸನೆ ಮತ್ತು ಸ್ಪರ್ಶಗಳು ನಮಗಿಂತ ಬಹಳ ತೀವ್ರವಾಗಿ ತಟ್ಟುತ್ತವೆ. ನಮಗೆ ಕೇಳಿಸಿಯೂ ಕೇಳಿಸದಂತಿರುವ ಪಂಖದ ಕರಕರ ಸದ್ದು ಆ ಮಗುವಿಗೆ ಕಿವಿಯಲ್ಲಿಯೇ ಗರಗಸ ಎಳೆದಂತೆ ಆಗಬಹುದು. ಹೊಸ ಹಾಸಿಗೆಯ ಬಟ್ಟೆ ಮೈಗೆ ಚುಚ್ಚಬಹುದು. ನೆಲ ಒರೆಸುವ ಫಿನೈಲಿನ ವಾಸನೆಗೆ ಊಟವೇ ಸೇರದಿರಬಹುದು. ಮಗು ಇದನ್ನು ಮಾತಿನಲ್ಲಿ ಹೇಳಲಾರದು. ಅಳುವುದು, ಕಿರುಚುವುದು, ತಲೆ ಚಚ್ಚಿಕೊಳ್ಳುವುದು, ಓಡಿಹೋಗುವುದು ಇವೇ ಅದರ ಹೇಳಿಕೆಗಳು.

ಕೊಠಡಿಗೆ ಇಷ್ಟು ಮಹತ್ವವೇಕೆ?

ಒಬ್ಬ ರೈತ ದಂಪತಿಗಳನ್ನು ಕಲ್ಪಿಸಿಕೊಳ್ಳಿರಿ. ಅವರ ಏಳು ವರ್ಷದ ಮಗ ಮನೆಯಲ್ಲಿ ಪಡಸಾಲೆಯ ಒಂದು ಮೂಲೆಯಲ್ಲಿ, ಅದೇ ಹಳೆಯ ಕೌದಿಯನ್ನು ಹೊದ್ದು ಮಲಗುತ್ತಾನೆ. ದನದ ಕೊಟ್ಟಿಗೆಯ ಗಂಟೆಯ ಸದ್ದು ಅವನಿಗೆ ಪರಿಚಿತ. ರಾತ್ರಿ ಎಂಟಕ್ಕೆ ಊಟ, ಒಂಬತ್ತಕ್ಕೆ ನಿದ್ರೆ. ಇಂತಹ ಮಗುವನ್ನು ಒಂದು ದಿನ ಉದ್ಯಾನಕ್ಕೆ ಕರೆದೊಯ್ಯಲಾಯಿತು. ಗದ್ದಲ, ಸರದಿ ಸಾಲು, ಬಿಸಿಲು, ಚೀರುವ ಜನ. ಅವನು ಸಂಜೆಯವರೆಗೆ ಹೇಗೋ ತಡೆದುಕೊಂಡ. ಆ ಬಳಿಕ ಮನೆಯವರು ಅಗ್ಗವೆಂದು ಹಿಡಿದ ಕೊಠಡಿಗೆ ಬಂದರು. ಅದು ಮೂರನೆಯ ಅಂತಸ್ತಿನಲ್ಲಿತ್ತು. ಕೆಳಗೆ ಬಸ್ಸುಗಳ ಹಾರ್ನು, ಪಕ್ಕದಲ್ಲಿ ಮದುವೆ ಮಂಟಪದ ಧ್ವನಿವರ್ಧಕ. ಮಿಣುಕುವ ಟ್ಯೂಬ್‌ಲೈಟ್. ಬಚ್ಚಲಿನಲ್ಲಿ ತಂಬಿಗೆ ಇಲ್ಲ, ಮೇಲಿನಿಂದ ಸುರಿಯುವ ಷವರ್ ಮಾತ್ರ. ಮಗು ದಿನವಿಡೀ ತಡೆದುಕೊಂಡದ್ದೆಲ್ಲ ಆ ರಾತ್ರಿ ಒಡೆದು ಹೊರಬಂದಿತು.

ಇಲ್ಲಿ ಉದ್ಯಾನದ ತಪ್ಪೂ ಇಲ್ಲ, ಮಗುವಿನ ತಪ್ಪೂ ಇಲ್ಲ. ದಣಿದ ಎತ್ತಿಗೆ ನೆರಳು ಬೇಕಾದಂತೆ, ದಣಿದ ಮಗುವಿನ ಮನಸ್ಸಿಗೆ ಶಾಂತವಾದ ಒಂದು ಸ್ಥಳ ಬೇಕಾಗಿತ್ತು, ಅದು ಸಿಗಲಿಲ್ಲ. ಕೊಠಡಿಯೆಂದರೆ ಮಲಗಿ ಎದ್ದುಹೋಗುವ ಜಾಗವಷ್ಟೇ ಎಂದು ನಾವು ತಿಳಿಯುತ್ತೇವೆ. ಆಟಿಸಂ ಇರುವ ಮಗುವಿಗಾದರೋ ಅಪರಿಚಿತ ಊರಿನಲ್ಲಿ ಅದೊಂದೇ ಆಶ್ರಯ.

ಮೊದಲು ಸಮೀಪದಲ್ಲಿ ಅಭ್ಯಾಸ ಮಾಡಿಸಿರಿ

ಮಗುವಿನ ಮೊದಲ ಪ್ರವಾಸವೇ ಮುನ್ನೂರು ಕಿಲೋಮೀಟರು ದೂರದ ಬೆಂಗಳೂರು ಆಗಬಾರದು. ನಮ್ಮ ಭಾಗದಲ್ಲಿಯೇ ಒಂದು ಅನುಕೂಲವಿದೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಪುಣೆ–ಬೆಂಗಳೂರು ಹೆದ್ದಾರಿಯ ಬದಿಯಲ್ಲಿ, ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ತೋರಿಸುವ ಆಳೆತ್ತರದ ಮೂರ್ತಿಗಳು ಅಲ್ಲಿವೆ. ಅಲ್ಲಿನ ಮುಖ್ಯ ಆಕರ್ಷಣೆಯಾದ ಈ ಮೂರ್ತಿಗಳು ಓಡುವುದೂ ಇಲ್ಲ, ಕೂಗುವುದೂ ಇಲ್ಲ. ಮಗು ತನ್ನ ನಿಧಾನದಲ್ಲಿಯೇ ನೋಡಬಹುದು. ಮನುಷ್ಯರಂತೆಯೇ ಕಾಣುವುದರಿಂದ ಕೆಲವು ಮಕ್ಕಳು ಮೊದಲು ಬೆದರಬಹುದು. ಮೊದಲೇ ಫೋನಿನಲ್ಲಿ ಚಿತ್ರ ತೋರಿಸಿ, ಇವು ಬೊಂಬೆಗಳೆಂದು ತಿಳಿಸಿರಿ.

ಬೆಳಿಗ್ಗೆ ಹೋಗಿ ಮಧ್ಯಾಹ್ನ ಮರಳಿದರೆ ಮೊದಲ ಪಾಠ ಆಯಿತು. ಎರಡನೆಯ ಪಾಠವಾಗಿ ಸೋದರಮಾವನ ಮನೆಯಲ್ಲಿಯೋ ಚಿಕ್ಕಮ್ಮನ ಮನೆಯಲ್ಲಿಯೋ ಒಂದು ರಾತ್ರಿ ಉಳಿಯಿರಿ. ಮಗು ಹೊಸ ಜಾಗದಲ್ಲಿ ಎಷ್ಟು ಹೊತ್ತಿಗೆ ಮಲಗಿತು, ಯಾವ ಸದ್ದಿಗೆ ಎದ್ದಿತು, ಶೌಚಕ್ಕೆ ಹೋಯಿತೇ, ಏನು ತಿಂದಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿರಿ. ದೂರದ ಊರಿನಲ್ಲಿ ಕೊಠಡಿ ಹುಡುಕುವಾಗ ಈ ಹಾಳೆಯೇ ನಿಮಗೆ ದಾರಿ ತೋರಿಸುತ್ತದೆ.

ಉದ್ಯಾನದ ಪಕ್ಕದಲ್ಲಿಯೋ, ದೂರದಲ್ಲಿಯೋ?

ದೊಡ್ಡ ಉದ್ಯಾನಗಳಿಗೆ ಹೋಗುವವರ ಮುಂದೆ ಎರಡು ಮಾರ್ಗಗಳಿರುತ್ತವೆ. ಬಿಡದಿಯ ವಂಡರ್‌ಲಾದಲ್ಲಿರುವಂತೆ ಉದ್ಯಾನಕ್ಕೆ ಸೇರಿದ ವಸತಿಗೃಹದಲ್ಲಿ ಇಳಿಯುವುದು ಒಂದು. ಪಟ್ಟಣದ ಲಾಡ್ಜಿನಲ್ಲಿಯೋ ನೆಂಟರ ಮನೆಯಲ್ಲಿಯೋ ಇಳಿದು ದಿನವೂ ಬಂದುಹೋಗುವುದು ಇನ್ನೊಂದು.

ಪಕ್ಕದಲ್ಲಿಯೇ ಇಳಿದರೆ ದೊಡ್ಡ ಲಾಭವೊಂದಿದೆ. ಮಗುವಿಗೆ ಗದ್ದಲ ಹೆಚ್ಚಾಯಿತೆಂದು ಕಂಡೊಡನೆ ಹತ್ತು ನಿಮಿಷಗಳಲ್ಲಿ ಕೊಠಡಿಗೆ ಮರಳಬಹುದು. ಒಂದು ತಾಸು ಮಲಗಿಸಿ, ಮನಸ್ಸಾದರೆ ಮತ್ತೆ ಹೋಗಬಹುದು. ಪಟ್ಟಣದ ವಾಹನಗಳ ದಟ್ಟಣೆಯಲ್ಲಿ ಎರಡು ತಾಸು ಸಿಕ್ಕಿಕೊಳ್ಳುವ ಸಂಕಟ ತಪ್ಪುತ್ತದೆ. ಆದರೆ ಇಂತಹ ವಸತಿಗೃಹದ ಬಾಡಿಗೆ ಹೆಚ್ಚು. ಈಜುಕೊಳ, ಸಂಗೀತ, ಜನಸಂದಣಿಗಳು ಅಲ್ಲಿಯೂ ಇರಬಹುದು. ಆಟಗಳು ಕಿಟಕಿಯಿಂದಲೇ ಕಾಣುತ್ತಿದ್ದರೆ ಕೆಲವು ಮಕ್ಕಳು ಕೊಠಡಿಯಲ್ಲಿ ನಿಲ್ಲುವುದೇ ಇಲ್ಲ.

ದೂರದ ಶಾಂತ ಬಡಾವಣೆಯ ಕೊಠಡಿಯಲ್ಲಿ ರಾತ್ರಿ ನಿದ್ರೆ ಚೆನ್ನಾಗಿ ಬರುತ್ತದೆ, ಖರ್ಚೂ ಕಡಿಮೆ. ಆದರೆ ನಡುವೆ ವಿಶ್ರಾಂತಿಗೆ ಮರಳಲಾಗುವುದಿಲ್ಲ. ಬಸ್ಸಿನ ಪ್ರಯಾಣ ದಿನಕ್ಕೆ ಎರಡು ಸಾರಿ ಸೇರುತ್ತದೆ.

ಹೀಗೆ ನಿರ್ಧರಿಸಿರಿ: ನಿಮ್ಮ ಮಗುವಿಗೆ ಗದ್ದಲ ಬೇಗ ದಣಿವು ತರುತ್ತಿದ್ದರೆ ಸಮೀಪದ ಕೊಠಡಿಗೆ ಒಂದು ರಾತ್ರಿಯ ಬಾಡಿಗೆ ಕೊಡುವುದು, ದೂರದ ಅಗ್ಗದ ಕೊಠಡಿಗೆ ಮೂರು ರಾತ್ರಿಯ ಬಾಡಿಗೆ ಕೊಡುವುದಕ್ಕಿಂತ ಮೇಲು. ಹಗಲಿನ ಗದ್ದಲವನ್ನು ತಾಳಿಕೊಂಡು ರಾತ್ರಿಯ ಸದ್ದಿಗೆ ಮಾತ್ರ ಎಚ್ಚರಗೊಳ್ಳುವ ಮಗುವಾದರೆ ದೂರದ ಶಾಂತ ಕೊಠಡಿಯೇ ಒಳ್ಳೆಯದು. ಹಣವನ್ನು ಅಂದಚೆಂದಕ್ಕಾಗಿ ಖರ್ಚುಮಾಡಬೇಡಿರಿ. ಶಾಂತತೆಗಾಗಿ ಮತ್ತು ಸಾಮೀಪ್ಯಕ್ಕಾಗಿ ಖರ್ಚುಮಾಡಿರಿ. ಶನಿವಾರ, ಭಾನುವಾರ ಮತ್ತು ಹಬ್ಬದ ರಜೆಗಳನ್ನು ಬಿಟ್ಟು ವಾರದ ನಡುವೆ ಹೋದರೆ ಎಲ್ಲಿಯೂ ಜನಸಂದಣಿ ಕಡಿಮೆಯಿರುತ್ತದೆ.

ಕೊಠಡಿಯಲ್ಲಿ ನೋಡತಕ್ಕ ಅಂಶಗಳು

ಶಬ್ದ: ರಸ್ತೆಯ ಬದಿಯ ಕೊಠಡಿಗಿಂತ ಹಿಂಬದಿಯ ಕೊಠಡಿ ಉತ್ತಮ. ಲಿಫ್ಟು, ಮೆಟ್ಟಿಲು, ಅಡುಗೆಮನೆ, ಜನರೇಟರು ಮತ್ತು ಮದುವೆ ಮಂಟಪಗಳಿಂದ ದೂರವಿರಬೇಕು. ಮೊಗಸಾಲೆಯ ತುದಿಯಲ್ಲಿರುವ ಕೊಠಡಿಯ ಮುಂದೆ ಜನರ ಓಡಾಟ ಕಡಿಮೆ.

ಬೆಳಕು: ದಪ್ಪ ಪರದೆಗಳಿರಲಿ. ಮಿಣುಕುವ ದೀಪವಿದ್ದರೆ ಬದಲಾಯಿಸುವಂತೆ ಕೇಳಿರಿ. ಮಗುವಿಗೆ ಮೂರ್ಛೆರೋಗವೂ ಇದ್ದರೆ ಈ ವಿಷಯದಲ್ಲಿ ಇನ್ನೂ ಎಚ್ಚರ ಬೇಕು.

ಅಂತಸ್ತು: ಬಾಲ್ಕನಿಯಿಲ್ಲದ ಕೊಠಡಿಯನ್ನೇ ಕೇಳಿರಿ. ಮೇಲಿನ ಅಂತಸ್ತಾದರೆ ಕಿಟಕಿಗಳಿಗೆ ಭದ್ರವಾದ ಸರಳುಗಳಿರಬೇಕು. ನೆಲಮಾಳಿಗೆಯಾದರೆ ಬೀಳುವ ಭಯವಿಲ್ಲ. ಆದರೆ ಬಾಗಿಲು ನೇರವಾಗಿ ರಸ್ತೆಗೋ ಈಜುಕೊಳಕ್ಕೋ ತೆರೆಯಬಾರದು.

ಬಚ್ಚಲು ಮತ್ತು ಶೌಚಾಲಯ: ಇದನ್ನು ಕೇಳಲು ಬಹಳ ಜನ ಸಂಕೋಚಪಡುತ್ತಾರೆ. ಆದರೆ ಕುಕ್ಕರುಗಾಲಿನಲ್ಲಿ ಕುಳಿತು ರೂಢಿಯಿರುವ ಮಗು ಕಮೋಡನ್ನು ಕಂಡು ಹಿಂಜರಿದು, ಎರಡು ದಿನ ಶೌಚಕ್ಕೆ ಹೋಗದೆ ಹೊಟ್ಟೆನೋವಿನಿಂದ ನರಳಬಹುದು. ನೆಲಮಟ್ಟದ ಶೌಚಾಲಯವಿದೆಯೇ ಎಂದು ಸ್ಪಷ್ಟವಾಗಿ ಕೇಳಿರಿ. ಬಕೆಟ್ಟು ಮತ್ತು ತಂಬಿಗೆ ಇರಲಿ. ನೀರು ಬಿಟ್ಟಾಗ ಬರುವ ಭೋರೆಂಬ ಸದ್ದಿಗೆ ಬೆದರುವ ಮಗುವಿದ್ದರೆ, ಮಗು ಹೊರಬಂದ ಮೇಲೆ ನೀರು ಬಿಡಿರಿ. ಬಿಸಿನೀರಿನ ನಲ್ಲಿಯನ್ನು ಮೊದಲು ನೀವೇ ಪರೀಕ್ಷಿಸಿರಿ.

ಊಟ: ಆಟಿಸಂ ಇರುವ ಮಕ್ಕಳು ಕೆಲವೇ ಪದಾರ್ಥಗಳನ್ನು ತಿನ್ನುವುದು ಸಾಮಾನ್ಯ. ಖಾರವಿಲ್ಲದ ಅನ್ನ, ಮೊಸರು, ಹಾಲು ಹೊತ್ತಿಗೆ ಸರಿಯಾಗಿ ದೊರೆಯುವುದೇ, ಊಟವನ್ನು ಕೊಠಡಿಗೇ ತಂದುಕೊಡುವರೇ ಎಂದು ವಿಚಾರಿಸಿರಿ. ಗದ್ದಲದ ಊಟದ ಕೋಣೆಯಲ್ಲಿ ಉಪವಾಸ ಏಳುವ ಮಗು ಕೊಠಡಿಯ ನೆಲದ ಮೇಲೆ ಕುಳಿತು ಹೊಟ್ಟೆತುಂಬ ಉಣ್ಣಬಹುದು.

ಹಾಸಿಗೆ: ಎತ್ತರದ ಮಂಚದಿಂದ ಮಗು ಬೀಳಬಹುದು. ಹಾಸಿಗೆಯನ್ನು ನೆಲದ ಮೇಲೆ ಹಾಸಿಕೊಳ್ಳಲು ಒಪ್ಪುವರೇ ಕೇಳಿರಿ. ಇಡೀ ಕುಟುಂಬ ಒಂದೇ ಕೊಠಡಿಯಲ್ಲಿರುವುದು ಮಗುವಿಗೆ ಧೈರ್ಯ.

ಹಣ ಕೊಡುವ ಮೊದಲು ಕೇಳಿರಿ

ಮುಂಗಡ ಹಣ ಕಳುಹಿಸಿದ ಬಳಿಕ ಕೇಳಿ ಪ್ರಯೋಜನವಿಲ್ಲ. ಫೋನಿನಲ್ಲಿ ವ್ಯವಸ್ಥಾಪಕರೊಡನೆ ನೇರವಾಗಿ ಮಾತನಾಡಿರಿ. “ನಮ್ಮ ಮಗುವಿಗೆ ಆಟಿಸಂ ಇದೆ. ಗದ್ದಲವಾದರೆ ಬಹಳ ತೊಂದರೆಪಡುತ್ತದೆ. ಆದುದರಿಂದ ಕೆಲವು ಪ್ರಶ್ನೆ ಕೇಳುತ್ತೇನೆ” ಎಂದು ಆರಂಭಿಸಿದರೆ ಸಾಕು. ಇದರಲ್ಲಿ ನಾಚಿಕೆಪಡುವಂತಹುದು ಏನೂ ಇಲ್ಲ. ಕೇಳತಕ್ಕ ಪ್ರಶ್ನೆಗಳು ಇವು:

1. ಕೊಠಡಿ ಯಾವ ಅಂತಸ್ತಿನಲ್ಲಿದೆ? ಬಾಲ್ಕನಿ ಇದೆಯೇ? ಕಿಟಕಿಗೆ ಸರಳುಗಳಿವೆಯೇ?
2. ನಾವು ಉಳಿಯುವ ದಿನಗಳಲ್ಲಿ ಮದುವೆ ಅಥವಾ ಬೇರೆ ಸಮಾರಂಭ ಇದೆಯೇ? ಕಟ್ಟಡದಲ್ಲಿ ದುರಸ್ತಿ ಕೆಲಸ ನಡೆದಿದೆಯೇ?
3. ಬಾಗಿಲಿಗೆ ಒಳಗಿನಿಂದ, ಮಗುವಿನ ಕೈಗೆ ಎಟುಕದ ಎತ್ತರದಲ್ಲಿ ಚಿಲಕವಿದೆಯೇ?
4. ಈಜುಕೊಳ, ಕೆರೆ, ತೆರೆದ ತೊಟ್ಟಿ ಎಷ್ಟು ದೂರದಲ್ಲಿವೆ? ಅವುಗಳ ಸುತ್ತ ಬೇಲಿ ಇದೆಯೇ?
5. ಕೊಠಡಿ ಎಷ್ಟು ಹೊತ್ತಿಗೆ ಸಿಗುತ್ತದೆ? ಬೇಗ ಬಂದರೆ ಕಾಯದೆ ಒಳಗೆ ಹೋಗಬಹುದೇ?
6. ಮಗುವಿಗೆ ಒಗ್ಗದೆ ಬೇಗ ಹೊರಟರೆ ಉಳಿದ ದಿನಗಳ ಹಣ ಮರಳಿ ಕೊಡುವಿರಾ?
7. ಆ ಕೊಠಡಿಯ ಚಿತ್ರಗಳನ್ನು ವಾಟ್ಸಾಪ್ ಮೂಲಕ ಕಳುಹಿಸುವಿರಾ?

ಉತ್ತರಿಸುವವರ ಧಾಟಿಯನ್ನೂ ಗಮನಿಸಿರಿ. ಸಹನೆಯಿಂದ ಉತ್ತರಿಸುವವರು ತೊಂದರೆಯ ಹೊತ್ತಿನಲ್ಲಿಯೂ ನೆರವಿಗೆ ಬರುವ ಸಂಭವ ಹೆಚ್ಚು. ಫೋನಿನಲ್ಲಿಯೇ ಸಿಡುಕುವವರ ಕೊಠಡಿ ಎಷ್ಟೇ ಸುಂದರವಾಗಿದ್ದರೂ ಬಿಟ್ಟುಬಿಡಿರಿ.

ಉದ್ಯಾನದವರಿಗೂ ಒಂದು ಪ್ರಶ್ನೆ ಕೇಳಿರಿ: ಸರದಿಯಲ್ಲಿ ನಿಲ್ಲಲಾರದ ಮಗುವಿಗೆ ಏನಾದರೂ ಅನುಕೂಲವಿದೆಯೇ? ಅಮೆರಿಕದ ಡಿಸ್ನಿ ಉದ್ಯಾನಗಳಲ್ಲಿ ಇಂತಹ ಮಕ್ಕಳು ಸಾಲಿನಲ್ಲಿ ನಿಲ್ಲದೆ, ಬೇರೆಡೆ ಕುಳಿತು ತಮ್ಮ ಸಮಯಕ್ಕೆ ಬರುವ ವ್ಯವಸ್ಥೆಯೊಂದನ್ನು 2013ರಲ್ಲಿ ಜಾರಿಗೆ ತರಲಾಯಿತು. ನಾವು ಹೋಗುವ ಸ್ಥಳದಲ್ಲಿ ಇಂತಹುದು ಇದೆಯೋ ಇಲ್ಲವೋ ಎಂಬುದು ಕೇಳಿದಾಗ ಮಾತ್ರ ತಿಳಿಯುತ್ತದೆ. ಕೇಳುವವರು ಹೆಚ್ಚಿದಂತೆ ಇಲ್ಲದ ಕಡೆಯಲ್ಲಿಯೂ ಅದು ಬರುತ್ತದೆ.

ಮನೆಯನ್ನು ಸ್ವಲ್ಪ ಜೊತೆಗೆ ಒಯ್ಯಿರಿ

ಎಷ್ಟೇ ಒಳ್ಳೆಯ ಕೊಠಡಿಯಾದರೂ ಮಗುವಿಗೆ ಅದು ಹೊಸದು. ಅದನ್ನು ಹಳೆಯದಾಗಿಸುವ ಉಪಾಯ ನಿಮ್ಮ ಕೈಯಲ್ಲಿದೆ. ಮಗು ದಿನವೂ ಹೊದೆಯುವ ಕೌದಿಯನ್ನು ತೊಳೆಯದೆ ಹಾಗೆಯೇ ಒಯ್ಯಿರಿ. ಅದರಲ್ಲಿ ಮನೆಯ ವಾಸನೆ ಇರುತ್ತದೆ. ಅದರದೇ ತಟ್ಟೆ, ಲೋಟ, ಸೋಪು, ಮೆಚ್ಚಿನ ಆಟಿಕೆ ಇರಲಿ. ಕಟಕಲು ರೊಟ್ಟಿ, ಮಂಡಕ್ಕಿ, ಶೇಂಗಾ ಉಂಡೆ ಮೊದಲಾದ, ಮಗು ಖಂಡಿತವಾಗಿ ತಿನ್ನುವ ತಿನಿಸುಗಳನ್ನು ಕಟ್ಟಿಕೊಳ್ಳಿರಿ. ವೈದ್ಯರು ಕೊಟ್ಟ ಔಷಧಿಗಳಿದ್ದರೆ ಎರಡು ದಿನಕ್ಕೆ ಹೆಚ್ಚಾಗುವಷ್ಟು ಇರಲಿ. ನಿದ್ರೆ ಬರಿಸುವ ಔಷಧಿಯನ್ನು ವೈದ್ಯರ ಸಲಹೆಯಿಲ್ಲದೆ ಎಂದಿಗೂ ಕೊಡಬಾರದು.

ಕೊಠಡಿಯ ಚಿತ್ರಗಳು ಬಂದ ಮೇಲೆ ಹೊರಡುವ ವಾರದುದ್ದಕ್ಕೂ ದಿನಕ್ಕೊಮ್ಮೆ ಮಗುವಿಗೆ ತೋರಿಸಿರಿ. “ಇದು ಬಸ್ಸು. ಇದು ನಮ್ಮ ಖೋಲಿ. ಇಲ್ಲಿ ನಿನ್ನ ಕೌದಿ. ಎರಡು ರಾತ್ರಿ ಮಲಗಿ ಮನೆಗೆ ಬರೋಣ” ಎಂದು ಅದೇ ಮಾತುಗಳಲ್ಲಿ, ಅದೇ ಕ್ರಮದಲ್ಲಿ ಹೇಳಿರಿ. ಮಾತು ಬಾರದ ಮಗುವೂ ಚಿತ್ರದಿಂದ ಬಹಳಷ್ಟು ಗ್ರಹಿಸುತ್ತದೆ.

ಹಗಲು ಬೆಳಕಿರುವಾಗಲೇ ಕೊಠಡಿಯನ್ನು ತಲುಪುವಂತೆ ಪ್ರಯಾಣ ಇಟ್ಟುಕೊಳ್ಳಿರಿ. ತಲುಪಿದ ದಿನ ಉದ್ಯಾನಕ್ಕೆ ಹೋಗಬೇಡಿರಿ. ಮಗು ಮೂಲೆಮೂಲೆಯನ್ನೂ ನೋಡಲಿ, ಗೋಡೆಯನ್ನು ಮುಟ್ಟಲಿ, ಮನೆಯ ಹೊತ್ತಿಗೇ ಉಂಡು ಮಲಗಲಿ. ಮರುದಿನ ಬೆಳಿಗ್ಗೆ ಉದ್ಯಾನ ತೆರೆದೊಡನೆ ಹೋಗಿ, ಮಗು ದಣಿಯುವ ಮೊದಲೇ ಮರಳಿರಿ. ಟಿಕೆಟ್ಟಿನ ಹಣ ವ್ಯರ್ಥವಾಗಬಾರದೆಂದು ಸಂಜೆಯವರೆಗೆ ಎಳೆದಾಡಿದರೆ ಹಣವೂ ಹೋಗುತ್ತದೆ, ಸಂತೋಷವೂ ಹೋಗುತ್ತದೆ.

ಬಾಗಿಲು ಮತ್ತು ನೀರು: ಅತ್ಯಂತ ಎಚ್ಚರಿಕೆಯ ವಿಷಯ

ಆಟಿಸಂ ಇರುವ ಮಕ್ಕಳಲ್ಲಿ ಹಲವರಿಗೆ ಹೇಳದೆ ಕೇಳದೆ ಹೊರಟುಹೋಗುವ ಸ್ವಭಾವವಿರುತ್ತದೆ. ಅವರಿಗೆ ನೀರೆಂದರೆ ಬಹಳ ಆಕರ್ಷಣೆ. ಆದರೆ ಅಪಾಯದ ಅರಿವು ಕಡಿಮೆ. ಊರಿನಲ್ಲಿ ದಾರಿತಪ್ಪಿದ ಮಗುವನ್ನು ಗುರುತು ಹಿಡಿದು ಮನೆಗೆ ತರುವವರಿದ್ದಾರೆ. ಅಪರಿಚಿತ ಪಟ್ಟಣದಲ್ಲಿ ಇಲ್ಲ.

ಅಪಾಯದ ಹೊತ್ತು ಯಾವುದೆಂಬುದನ್ನು ತಿಳಿದಿರಿ. ನಸುಕಿನಲ್ಲಿ ತಾಯಿ ಸ್ನಾನಕ್ಕೆ ಹೋಗಿರುತ್ತಾಳೆ, ತಂದೆ ಎಚ್ಚರವಾಗಿದ್ದಾನೆಂದು ಭಾವಿಸಿರುತ್ತಾಳೆ. ತಂದೆಯಾದರೋ ಅವಳು ನೋಡುತ್ತಿದ್ದಾಳೆಂದು ಮತ್ತೆ ಕಣ್ಣು ಮುಚ್ಚಿರುತ್ತಾನೆ. ಇಬ್ಬರೂ ನೋಡುತ್ತಿದ್ದಾರೆಂದರೆ ಹಲವು ಬಾರಿ ಯಾರೂ ನೋಡುತ್ತಿಲ್ಲವೆಂದೇ ಅರ್ಥ. ಆದುದರಿಂದ ಗಂಡಹೆಂಡಿರು ಪಾಳಿ ಹಾಕಿಕೊಳ್ಳಿರಿ. “ಈಗ ನಾನು ನೋಡುತ್ತೇನೆ”, “ಈಗ ನೀವು ನೋಡಿರಿ” ಎಂದು ಬಾಯಿಬಿಟ್ಟು ಹೇಳಿ ವಹಿಸಿಕೊಡಿರಿ. ಹೊಲಕ್ಕೆ ನೀರು ಹಾಯಿಸುವಾಗ ಪಾಳಿ ತಪ್ಪಿದರೆ ಬೆಳೆ ಮಾತ್ರ ಕೆಡುತ್ತದೆ. ಇಲ್ಲಿ ಪಾಳಿ ತಪ್ಪಬಾರದು.

ಚಿಲಕ ಕೈಗೆ ಎಟುಕುವಂತಿದ್ದರೆ ಒಬ್ಬರು ಬಾಗಿಲಿಗೆ ಅಡ್ಡಲಾಗಿ ಹಾಸಿಗೆ ಹಾಸಿ ಮಲಗಿರಿ, ಅಥವಾ ಹಿಡಿಕೆಗೆ ಒಂದು ಗೆಜ್ಜೆ ಕಟ್ಟಿರಿ. ಬೆಂಕಿಯ ಅಪಾಯ ಬಂದರೆ ತಕ್ಷಣ ಹೊರಬರಬೇಕಾದುದರಿಂದ ಕೀಲಿಯನ್ನು ಕೈಗೆ ಸಿಗುವಲ್ಲಿಯೇ ಇಡಿರಿ. ಮಗುವಿನ ಅಂಗಿಯ ಒಳಬದಿಗೆ ನಿಮ್ಮ ಫೋನ್ ಸಂಖ್ಯೆಯುಳ್ಳ ಬಟ್ಟೆಯ ಚೂರನ್ನು ಹೊಲಿಯಿರಿ. ಪ್ರತಿದಿನ ಬೆಳಿಗ್ಗೆ ಅಂದಿನ ಬಟ್ಟೆಯಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿರಿ. ಲಾಡ್ಜಿನ ಕಾವಲುಗಾರನಿಗೆ ಮಗುವನ್ನು ತೋರಿಸಿ, “ಇವನು ಒಬ್ಬನೇ ಹೊರಬಂದರೆ ತಡೆದು ನಮಗೆ ತಿಳಿಸಿರಿ” ಎಂದು ಹೇಳಿಡಿರಿ. ಮಗು ಕಾಣದಾದರೆ ಮೊದಲು ನೀರಿರುವ ಸ್ಥಳಗಳನ್ನು ಹುಡುಕಿರಿ. ತಡಮಾಡದೆ 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿರಿ.

ಮಗು ಕೊಠಡಿಯಲ್ಲಿ ಕಂಗೆಟ್ಟಾಗ

ಇಷ್ಟೆಲ್ಲ ಮಾಡಿದರೂ ಮಗು ಒಮ್ಮೆ ಅತ್ತು ಕಿರುಚಬಹುದು. ಇದು ಹಟವಲ್ಲ, ಹೊಡೆಯುವುದರಿಂದಾಗಲಿ ಗದರಿಸುವುದರಿಂದಾಗಲಿ ಇದು ನಿಲ್ಲುವುದಿಲ್ಲ, ಇನ್ನಷ್ಟು ಹೆಚ್ಚುತ್ತದೆ. ದೀಪ ಆರಿಸಿರಿ, ದೂರದರ್ಶನ ನಿಲ್ಲಿಸಿರಿ, ಮಾತು ಕಡಿಮೆ ಮಾಡಿರಿ. ಒಬ್ಬರೇ ಹತ್ತಿರ ಕುಳಿತುಕೊಳ್ಳಿರಿ. ಇನ್ನೊಬ್ಬರು ಉಳಿದ ಮಕ್ಕಳನ್ನು ಹೊರಗೆ ಕರೆದೊಯ್ಯಿರಿ. ಪೆಟ್ಟಾಗುವ ವಸ್ತುಗಳನ್ನು ಸರಿಸಿರಿ. ಕೌದಿಯಲ್ಲಿ ಸುತ್ತಿಕೊಂಡರೆ ನೆಮ್ಮದಿ ಕಾಣುವ ಮಗುವಾದರೆ ಮುಖವನ್ನು ಬಿಟ್ಟು ಹೊದಿಸಿರಿ. ಮುಟ್ಟುವುದು ಸೇರದ ಮಗುವಾದರೆ ಮುಟ್ಟಬೇಡಿರಿ. ಪಕ್ಕದ ಕೊಠಡಿಯವರು ಬಾಗಿಲು ತಟ್ಟಿದರೆ ತಾಯಿಯನ್ನೇ ಮುಂದೆ ಮಾಡದೆ ತಂದೆಯು ಹೋಗಿ ಎರಡು ಮಾತಿನಲ್ಲಿ ತಿಳಿಸಲಿ. ಬಹಳ ಜನ ತಿಳಿದ ಮೇಲೆ ಕನಿಕರಪಡುತ್ತಾರೆ. ಮರುದಿನವೂ ಒಗ್ಗದಿದ್ದರೆ ಮನೆಗೆ ಮರಳಿರಿ. ಅರ್ಧದಲ್ಲಿ ಮರಳಿದ ಪ್ರವಾಸವೂ ಮುಂದಿನ ಸಲಕ್ಕೆ ಪಾಠವೇ ಆಗುತ್ತದೆ.

ಜಾತ್ರೆಗೂ ಆಸ್ಪತ್ರೆಗೂ ಇದೇ ಕ್ರಮ

ಉದ್ಯಾನಕ್ಕೆ ಹೋಗುವ ಯೋಗ ಎಲ್ಲರಿಗೂ ಬರಲಾರದು. ಆದರೆ ಮಗುವಿನ ತಪಾಸಣೆ ಮತ್ತು ತರಬೇತಿಗಾಗಿ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಬೇರೆ ಊರಿನಲ್ಲಿ ಉಳಿಯಬೇಕಾದ ಪ್ರಸಂಗ ಅನೇಕರಿಗೆ ಬರುತ್ತದೆ. ರಾತ್ರಿಯೆಲ್ಲ ನಿದ್ರೆಗೆಟ್ಟ ಮಗು ವೈದ್ಯರ ಮುಂದೆ ತನ್ನ ನಿಜವಾದ ಶಕ್ತಿಯನ್ನು ತೋರಿಸಲಾರದು. ಅಲ್ಲಿಯೂ ಮೇಲಿನ ಪ್ರಶ್ನೆಗಳನ್ನೇ ಕೇಳಿ ಕೊಠಡಿ ಹಿಡಿಯಿರಿ. ತಪಾಸಣೆ ಮುಗಿದ ಮರುದಿನ, ಮಗು ಆ ಕೊಠಡಿಗೆ ಹೊಂದಿಕೊಂಡಿದ್ದರೆ, ಅಲ್ಲಿಂದಲೇ ಅರ್ಧ ದಿನ ಉದ್ಯಾನಕ್ಕೆ ಹೋಗಿಬರಬಹುದು, ಖರ್ಚೂ ಉಳಿಯುತ್ತದೆ. ಜಾತ್ರೆಗೆ ಹೋಗುವವರು ಪೇಟೆಯಿಂದಲೂ ತೊಟ್ಟಿಲುಗಳ ಮೈದಾನದಿಂದಲೂ ದೂರದಲ್ಲಿ ಇಳಿದುಕೊಳ್ಳಿರಿ.

ಸರಕಾರದ ನೆರವು

ಮಗುವಿನ ಬೆಳವಣಿಗೆಯ ಬಗೆಗೆ ಸಂದೇಹವಿದ್ದರೆ ಆಶಾ ಕಾರ್ಯಕರ್ತೆಯರಿಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಅಂಗನವಾಡಿ ಮತ್ತು ಸರಕಾರಿ ಶಾಲೆಗಳಲ್ಲಿ ಮಕ್ಕಳ ತಪಾಸಣೆ ನಡೆಯುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಅನ್ನೂ ಸೇರಿಸಿದೆ. ಅಂಗವೈಕಲ್ಯದ ಕಾರಣಕ್ಕಾಗಿ ತಾರತಮ್ಯ ಮಾಡುವುದನ್ನು ನಿಷೇಧಿಸಿದೆ. ಪ್ರಮಾಣಪತ್ರ ಹಾಗೂ ವಿಶಿಷ್ಟ ಗುರುತಿನ ಚೀಟಿಯನ್ನು ಪಡೆಯುವ ಕ್ರಮವನ್ನು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಲ್ಲಿ ಕೇಳಿ ತಿಳಿಯಿರಿ. ಬಸ್ಸಿನ ರಿಯಾಯಿತಿಯನ್ನೂ ಅವರಲ್ಲಿಯೇ ವಿಚಾರಿಸಿರಿ. ಪ್ರಯಾಣದಲ್ಲಿ ಆ ಚೀಟಿಯ ಪ್ರತಿಯೊಂದು ನಿಮ್ಮ ಬಳಿ ಇರಲಿ. ಮಗುವಿನ ಆರೈಕೆಯಲ್ಲಿ ನಿಮ್ಮ ಮನಸ್ಸೇ ಕುಗ್ಗಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಮಾತನಾಡಿರಿ. ಈ ಕರೆಗೆ ಹಣವಿಲ್ಲ.

ನೆನಪಿನಲ್ಲಿಡಿರಿ

● ಮೊದಲು ಹತ್ತಿರದ ಊರು, ಬಳಿಕ ದೂರದ ಊರು.
● ಅಂದದ ಕೊಠಡಿಗಿಂತ ಶಾಂತವಾದ ಕೊಠಡಿ ಮೇಲು.
● ಕೇಳಿದ ಮೇಲೆ ಮುಂಗಡ ಹಣ. ಹಣ ಕೊಟ್ಟ ಮೇಲೆ ಪ್ರಶ್ನೆಯಲ್ಲ.
● ಮನೆಯ ಕೌದಿ, ಮನೆಯ ತಿನಿಸು, ಮನೆಯ ಹೊತ್ತು.
● ಬಾಗಿಲು ಮತ್ತು ನೀರಿನ ಮೇಲೆ ಸದಾ ಕಣ್ಣು, ಗಂಡಹೆಂಡಿರಿಗೆ ಪಾಳಿ.

ದಂಪತಿಗಳೇ, ಆಟಿಸಂ ಇರುವ ಮಗುವಿಗೂ ನೀರಿನಲ್ಲಿ ಆಡುವ, ತೊಟ್ಟಿಲು ತಿರುಗುವುದನ್ನು ನೋಡುವ, ಅಣ್ಣತಮ್ಮಂದಿರೊಡನೆ ಊರು ಸುತ್ತುವ ಆಸೆಯಿರಬಹುದು. ಅದು ಹೇಳಲಾರದು ಅಷ್ಟೇ. ಅದು ನೆಮ್ಮದಿಯಿಂದ ನಿದ್ರಿಸುವ ಒಂದು ಕೊಠಡಿಯನ್ನು ಹುಡುಕಿಕೊಡಿರಿ. ಮರುದಿನ ಬೆಳಿಗ್ಗೆ ಅದು ಎದ್ದು ನಿಮ್ಮ ಕೈಹಿಡಿದು ಬಾಗಿಲ ಕಡೆಗೆ ಎಳೆದರೆ, ನೀವು ಪಟ್ಟ ಶ್ರಮ ಸಾರ್ಥಕವಾಯಿತೆಂದು ತಿಳಿಯಿರಿ.